ಹಳೇ ಟೀಶರ್ಟಿಂದ ಸಿಂಬಿ, ಕುಲಾವಿ, ಕೌದಿ: ಕೈಯಾರೆ ಮಾಡಿ ಕೊಡೋ ಗಿಫ್ಟುಗಳು

ನಮ್ಮನೆ ಬೀರು ಕೆಳಗಿನ ಖಾನೆ ತೆಗೆದ್ರೆ ಟೀಶರ್ಟ್ ರಾಶಿ ಕಾಲ್ಮೇಲೆ ಬೀಳೋದು. ಕಾಲೇಜ್ ಫೆಸ್ಟಿಂದು, ಆಫೀಸಲ್ಲಿ ಕೊಟ್ಟಿದ್ದು, ಹತ್ತು ಕಿಲೋಮೀಟರ್ ಓಡಿದ್ದಕ್ಕೆ ಸಿಕ್ಕಿದ್ದು, ಪ್ರತಿ ನವೆಂಬರ್ 1ಕ್ಕೆ ಒಂದೊಂದು ಅಂತ ಸೇರ್ಕೊಂಡ ಹಳದಿ ಕೆಂಪು ರಾಜ್ಯೋತ್ಸವದ್ದು. ಹಾಕ್ಕೊಳ್ಳೋ ಹಂಗೂ ಇಲ್ಲ ಬಿಸಾಕೋಕೂ ಮನಸ್ಸು ಬರಲ್ಲ, ನೆಲ ಒರೆಸೋಕೆ ಅಂತ ಎಷ್ಟು ಇಟ್ಕೊಳ್ಳೋದು ಹೇಳಿ. ಹಂಗಾಗಿ ಒಂದು ಮೂರು ವರ್ಷದಿಂದ ಇವನ್ನೇ ಕತ್ತರಿಸಿ ಗೃಹಪ್ರವೇಶ, ಸೀಮಂತ, ಹುಟ್ಟಿದಬ್ಬ ಅಂತ ಏನಾದ್ರೂ ಮಾಡಿ ಕೊಡ್ತಾ ಇದೀನಿ. ಕೆಲವು ಸಕ್ಕತ್ತಾಗಿ ಬಂದಿದೆ, ಕೆಲವು ಕೊಟ್ಟ ಮನೇಲೇ ಮಸಿಬಟ್ಟೆ ಆಗಿದ್ದನ್ನ ಕಣ್ಣಾರೆ ನೋಡಿದೀನಿ.

ಆ ಮಸಿಬಟ್ಟೆ ಆಗಿದ್ದು ಯಾಕೆ ಅಂತ ಆಮೇಲೆ ಗೊತ್ತಾಯ್ತು. ಕೈಗೆ ಸಿಕ್ಕಿದ ಶರ್ಟ್ ಕತ್ತರಿಸಿ ಏನೋ ಒಂದು ಮಾಡಿ ಯಾರಿಗೋ ಕೊಟ್ಟೆ ಅಂದ್ರೆ ಅದು ಚಿಂದಿನೇ, ಎಷ್ಟು ಚೆನ್ನಾಗಿ ಹೊಲಿದಿದ್ರೂ. ಅದೇ ತಂಗಿ ಹಾಸ್ಟೆಲಿಗೆ ಹೊರಟಾಗ ಅವಳ ಸ್ಕೂಲ್ ಸ್ಪೋರ್ಟ್ಸ್ ಡೇ ಶರ್ಟು, ಅಪ್ಪಂದು ಕಾಲರ್ ಸವೆದಿರೋದು, ಇವೆಲ್ಲ ಸೇರಿಸಿ ಮಾಡಿಕೊಟ್ರೆ ಬಿಡೋದೇ ಇಲ್ಲ ಅವಳು. ಯಾರ ಶರ್ಟು, ಯಾರಿಗೆ ಹೋಗ್ತಿದೆ, ಇದನ್ನ ಮೊದಲು ಯೋಚ್ನೆ ಮಾಡಿ, ಕತ್ತರಿ ಆಮೇಲೆ. ಮತ್ತೆ ಮನೆಯವರ ಶರ್ಟಾದ್ರೆ ದಯವಿಟ್ಟು ಕೇಳಿ ಕತ್ತರಿಸಿ. ನಮ್ಮ ಭಾವನ ಆರ್‌ಸಿಬಿ ಜೆರ್ಸಿ ಕಥೆ ಕೆಳಗೆ ಬರುತ್ತೆ.

ಮೊದಲು ಬಟ್ಟೆ ನೋಡಿ. ಟೀಶರ್ಟ್ ನೇಯ್ದ ಬಟ್ಟೆ ಅಲ್ಲ, ಹೆಣೆದಿದ್ದು, ಸ್ವೆಟರ್ ತರನೇ, ದಾರ ಮಾತ್ರ ಸಣ್ಣ. ಅದಕ್ಕೇ ಎಳೆದ್ರೆ ಹಿಗ್ಗುತ್ತೆ, ಕತ್ತರಿಸಿದ್ರೆ ಅಂಚು ಸುರುಳಿ ಸುತ್ಕೊಳ್ಳುತ್ತೆ, ಆದ್ರೆ ಪಂಚೆ ಸೀರೆ ತರ ನೂಲು ಬಿಟ್ಕೊಂಡು ಬರಲ್ಲ. ಈ ಮೂರು ಗುಣ ತಲೇಲಿ ಇಟ್ಕೊಂಡ್ರೆ ಅರ್ಧ ಕೆಲಸ ಮುಗೀತು. ಇನ್ನು ಕಾಟನ್ನಾ ಪಾಲಿಯೆಸ್ಟರಾ ಅಂತ ಲೇಬಲ್ ನೋಡಿ, ಲೇಬಲ್ ಹರಿದು ಹೋಗಿದ್ರೆ ಒಳಗಿನ ಹೊಲಿಗೆ ಪಕ್ಕದಿಂದ ಒಂದು ಚೂರು ಕತ್ತರಿಸಿ ಸಿಂಕ್ ಹತ್ರ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದ್ರೆ ಕಾಟನ್, ಕರಗಿ ಗಟ್ಟಿ ಮಣಿ ತರ ಆದ್ರೆ ಪಾಲಿಯೆಸ್ಟರ್. ಮುಟ್ಬೇಡಿ, ಆ ಮಣಿ ಸುಡುತ್ತೆ. ಬಿಸಿ ಪಾತ್ರೆ ಕೆಳಗೆ ಇಡೋದಕ್ಕೂ ಮಗು ಮೈಗೆ ತಾಗೋದಕ್ಕೂ ಕಾಟನ್ನೇ ಬೇಕು. ಓಟದ ಶರ್ಟು, ಜೆರ್ಸಿ ಇವೆಲ್ಲ ಸಾಮಾನ್ಯವಾಗಿ ಪಾಲಿಯೆಸ್ಟರ್ರೇ, ಅವು ಚೀಲಕ್ಕೆ ಬೆಸ್ಟು.

ಕತ್ತರಿ ಬಟ್ಟೇದೇ ಆಗ್ಬೇಕು. ಹಾಲಿನ ಪ್ಯಾಕೆಟ್ ಕತ್ತರಿಸೋ ಅಡುಗೆಮನೆ ಕತ್ತರಿ ತಂದ್ರೆ ಬಟ್ಟೆನ ಕತ್ತರಿಸಲ್ಲ, ಜಗಿಯುತ್ತೆ.

ಟೀಶರ್ಟ್ ದಾರ, ಅದ್ರಿಂದ ಸಿಂಬಿ

ಹೊಲಿಗೆ ಬರಲ್ಲ ಅನ್ನೋರು ಇಲ್ಲಿಂದ ಶುರು ಮಾಡಿ. ಟೀಶರ್ಟ್‌ನ ಹಾಸಿ, ಕೆಳಗಿನ ಮಡಿಕೆ ಹೊಲಿಗೆ ಕತ್ತರಿಸಿ ತೆಗೀರಿ, ಮೇಲೆ ಕಂಕುಳಿಂದ ಕಂಕುಳಿಗೆ ಅಡ್ಡ ಕತ್ತರಿಸಿ, ಈಗ ಕೈಲಿರೋದು ಒಂದು ಬಟ್ಟೆ ಕೊಳವೆ. ಪಕ್ಕದಲ್ಲಿ ಹೊಲಿಗೆ ಇಲ್ಲದ ಶರ್ಟ್ ಸಿಕ್ರೆ ಅದೃಷ್ಟ, ಇದ್ರೂ ನಡೆಯುತ್ತೆ, ಅಲ್ಲಲ್ಲಿ ಗಂಟು ಗಂಟಾಗಿ ಕಾಣುತ್ತೆ ಅಷ್ಟೇ. ಕೊಳವೆನ ಅಡ್ಡಕ್ಕೆ ಮಡಚಿ, ಎಡಗಡೆ ಅಂಚು ಬಲಗಡೆ ಅಂಚಿಗಿಂತ ಎರಡಿಂಚು ಹಿಂದೆ ನಿಲ್ಲೋ ಹಾಗೆ. ಈಗ ಮಡಚಿರೋ ಎಡಗಡೆಯಿಂದ ಒಂದೊಂದು ಇಂಚಿಗೆ ಸೀಳ್ತಾ ಬನ್ನಿ, ಆದ್ರೆ ಬಲಗಡೆ ಆ ಎರಡಿಂಚು ಪಟ್ಟಿ ಮಾತ್ರ ಮುಟ್ಬೇಡಿ, ಬಾಚಣಿಗೆ ತರ ಕಾಣ್ಬೇಕು. ಬಿಡಿಸಿ ಆ ಕತ್ತರಿಸದ ಪಟ್ಟಿನ ತೋಳಿನ ಮೇಲೆ ಹಾಕ್ಕೊಳ್ಳಿ.

ಎಲ್ಲರೂ ತಪ್ಪೋದು ಇಲ್ಲೇ. ಎದುರುಬದುರು ಇರೋ ಸೀಳುಗಳನ್ನ ನೇರಕ್ಕೆ ಸೇರಿಸಿ ಕತ್ತರಿಸಿದ್ರೆ ಹದಿನೇಳು ಬಳೆ ಸಿಗುತ್ತೆ, ದಾರ ಸಿಗಲ್ಲ. ನಾನು ಮೊದಲ ಸಲ ಅದೇ ಮಾಡ್ಕೊಂಡೆ. ಓರೆಯಾಗಿ ಕತ್ತರಿಸ್ಬೇಕು: ಮೊದಲು ಹೊರ ಅಂಚಿಂದ ಎಡಗಡೆ ಮೊದಲ ಸೀಳಿಗೆ, ಆಮೇಲೆ ಬಲಗಡೆ ಮೊದಲ ಸೀಳಿಂದ ಎಡಗಡೆ ಎರಡನೇದಕ್ಕೆ, ಬಲಗಡೆ ಎರಡರಿಂದ ಎಡಗಡೆ ಮೂರಕ್ಕೆ, ಹಿಂಗೇ ಕೊನೇವರೆಗೂ. ಸರಿಯಾದ್ರೆ ಒಂದೇ ಉದ್ದ ಪಟ್ಟಿ ಬರುತ್ತೆ. ಅದನ್ನ ಒಂದೊಂದು ಮೊಳ ಹಿಡಿದು ಗಟ್ಟಿಯಾಗಿ ಎಳೀರಿ, ಅಂಚು ಒಳಗೆ ಸುತ್ಕೊಂಡು ದುಂಡಗಿನ ದಾರ ಆಗುತ್ತೆ, ಇದನ್ನ ನೋಡೋದೇ ಒಂಥರ ಖುಷಿ. ಎಲ್ ಸೈಜ್ ಶರ್ಟಲ್ಲಿ ಹತ್ರಹತ್ರ 18 ಮೀಟರ್ ಸಿಗುತ್ತೆ, ಎಳೆದ್ಮೇಲೆ ಇನ್ನೂ ಸ್ವಲ್ಪ ಜಾಸ್ತಿ.

ಈಗ ಸಿಂಬಿ. ಕೊಡ ಹೊರೋಕೆ ತಲೆ ಮೇಲೆ ಇಡ್ತಿದ್ದ ಬಟ್ಟೆ ಸಿಂಬಿ ಅಲ್ಲ, ಅದರ ತಮ್ಮ ಅನ್ಕೊಳ್ಳಿ, ಚಪ್ಪಟೆ, ಟೇಬಲ್ ಮೇಲೆ ಹಾಸಿ ಬಿಸಿ ಕುಕ್ಕರ್ ಇಡೋಕೆ. ಎರಡೂವರೆ ಮೀಟರಿಂದು ಮೂರು ಎಳೆ ತಗೊಂಡು ತುದಿ ಗಂಟು ಹಾಕಿ, ಆ ಗಂಟನ್ನ ಕಿಟಕಿ ಸರಳಿಗೆ ಕಟ್ಟಿ, ಜಡೆ ಹೆಣೀರಿ. ಆ ಜಡೆನ ಚಕ್ಕುಲಿ ತರ ಸುತ್ತುತಾ ಪಕ್ಕಪಕ್ಕದ ಸುತ್ತುಗಳನ್ನ ಸೂಜಿದಾರದಲ್ಲಿ ಸೇರಿಸ್ತಾ ಹೋದ್ರೆ ಏಳಿಂಚಿನ ಒಂದು ಸಿಂಬಿ, ಒಂದು ಶರ್ಟಲ್ಲಿ ಎರಡು. ಟೇಬಲ್ ಮೇಲೆ ಇಟ್ಕೊಂಡೇ ಹೊಲೀರಿ. ಕೈಯಲ್ಲಿ ಹಿಡ್ಕೊಂಡು ಬಿಗಿ ಎಳೆದ್ರೆ ನಡುವೆ ತಗ್ಗಾಗಿ ಬಟ್ಟಲಾಗಿಬಿಡುತ್ತೆ. ಬಟ್ಟಲಾದ್ರೆ ಬೇಜಾರೇನಿಲ್ಲ, ಬೀಗದ ಕೈ ಹಾಕಿಡೋಕೆ ಅಂತ ಹೇಳಿ ಕೊಡಿ, ನಾನು ಕೊಟ್ಟಿದೀನಿ, ಬೇಕಂತಲೇ ಹಂಗೆ ಮಾಡಿದ್ದು ಅನ್ಕೊಂಡಿದ್ದಾರೆ.

ರಾಜ್ಯೋತ್ಸವದ ಶರ್ಟ್‌ಗಳಿಗೆ ಇದಕ್ಕಿಂತ ಒಳ್ಳೆ ಗತಿ ಇಲ್ಲ. ಎರಡೆಳೆ ಹಳದಿ ಒಂದೆಳೆ ಕೆಂಪು ಹಾಕಿ ಹೆಣೆದು ಡಲ್ಲಾಸಲ್ಲಿರೋ ಫ್ರೆಂಡಿಗೆ ನಾಲ್ಕು ಕಳಿಸಿದ್ದೆ, ಒಂದನ್ನ ಗೋಡೆಗೆ ನೇತು ಹಾಕಿದಾನಂತೆ, ಪಾತ್ರೆ ಇಡೋ ಸಾಮಾನು ಕಣೋ ಅಂದ್ರೂ ಕೇಳಲ್ಲ. ಹೊಸ ಕೆಂಪು ಶರ್ಟ್ ಆದ್ರೆ ಕತ್ತರಿಸೋಕೆ ಮುಂಚೆ ಎರಡು ಮೂರು ಸಲ ಬೇರೆಯಾಗಿ ಒಗೀರಿ, ಇಲ್ಲಾಂದ್ರೆ ಬಣ್ಣ ಬಿಟ್ಟು ಹಳದಿ ಎಲ್ಲ ಕಿತ್ತಳೆ ಆಗುತ್ತೆ.

ಚೀಲ, ಭಾವನ ಜೆರ್ಸಿ

ತೋಳು ಕತ್ತರಿಸಿ, ಕುತ್ತಿಗೆ ಅಗಲ ಮಾಡಿ, ಭುಜ ಹಿಡಿಕೆ ಆಯ್ತು. ಕೆಳಗೆ ನಾಲ್ಕಿಂಚು ಉದ್ದ ಒಂದಿಂಚು ಅಗಲ ಸೀಳಿ ಮುಂದಿನ ಪಟ್ಟಿನ ಹಿಂದಿನ ಪಟ್ಟಿಗೆ ಗಂಟು ಹಾಕ್ತಾ ಹೋಗಿ. ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ, ಆಮೇಲೆ ಗಂಟು ಗಂಟಿನ ಮಧ್ಯೆ ತೂತಿಂದ ನಿಂಬೆಹಣ್ಣು ಉದುರುತ್ತೆ. ಪ್ರತಿ ಗಂಟಿಂದ ಒಂದು ತುದಿ ತಗೊಂಡು ಪಕ್ಕದ ಗಂಟಿನ ಒಂದು ತುದಿಗೆ ಇನ್ನೊಂದ್ಸಲ ಕಟ್ಟಿ, ತೂತು ಮುಚ್ಚುತ್ತೆ. ತೆಳು ಕಾಟನ್ ಆದ್ರೆ ಎರಡು ತೆಂಗಿನಕಾಯಿ ಹಾಕಿದ ತಕ್ಷಣ ಚೀಲ ಮೊಣಕಾಲಿಗೆ ಬರುತ್ತೆ, ಅದಕ್ಕೇ ಜೆರ್ಸಿ ಬಟ್ಟೆ ಒಳ್ಳೇದು ಅಂದಿದ್ದು.

2024ರಲ್ಲಿ ಅಕ್ಕ ಕೊಟ್ಟ ಹಳೇ ಬಟ್ಟೆ ಗಂಟಲ್ಲಿ ಭಾವನ ಕೆಂಪು ಜೆರ್ಸಿ ಇತ್ತು, ನಾನು ಚೀಲ ಮಾಡಿ ಅವರ ಹುಟ್ಟಿದಬ್ಬಕ್ಕೇ ಕೊಟ್ಟೆ, ಸರ್‌ಪ್ರೈಸ್ ಅಂತ. ಅದು ಅವರ ಲಕ್ಕಿ ಶರ್ಟಂತೆ, ಪ್ರತಿ ಮ್ಯಾಚಿಗೂ ಅದನ್ನೇ ಹಾಕ್ಕೊಂಡು ಕೂರೋದಂತೆ. ಒಂದು ತಿಂಗಳು ಮಾತಿಲ್ಲ. ಆಮೇಲೆ 2025 ಜೂನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಾಗ ನಾನು ಫೋನ್ ಮಾಡಿ ಶರ್ಟ್ ಯಾರು ಕತ್ತರಿಸಿದ್ದು ನೆನಪಿದ್ಯಾ ಅಂತ ಒಂದೇ ಮಾತು ಕೇಳಿದೆ. ಈಗ ಆ ಚೀಲ ಅವರ ಕಾರಲ್ಲೇ ಇರುತ್ತೆ.

ತೋಳಿಂದ ಕುಲಾವಿ

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ಬಾರದು ಅಂತ ಗಾದೆ ಇದೆ, ಹಂಗಾಗಿ ಹುಟ್ಟಿದ್ಮೇಲೆ ಹೊಲೀರಿ, ಅರ್ಧ ಗಂಟೆ ಕೆಲಸ. ನಮ್ಮ ಕಡೆ ಎಳೆಗೂಸಿಗೆ ಹೊಸ ಬಟ್ಟೆಗಿಂತ ಒಗೆದೊಗೆದು ಮೆತ್ತಗಾದ ಹಳೇ ಪಂಚೆ ಸೀರೆನೇ ಬಳಸೋದಲ್ವಾ, ಹಳೇ ಕಾಟನ್ ಟೀಶರ್ಟ್ ಅದಕ್ಕಿಂತಲೂ ಮೆತ್ತಗಿರುತ್ತೆ. ಹುಟ್ಟಿದ ಮಗು ತಲೆ ಸುತ್ತಳತೆ ಸುಮಾರು 34-35 ಸೆಂಟಿಮೀಟರ್, ದೊಡ್ಡೋರ ಟೀಶರ್ಟ್ ತೋಳಿನ ಬಾಯಿ 36ರಿಂದ 40. ಅಂದ್ರೆ ತೋಳಿನ ಅಂಚಿನ ಮಡಿಕೆ ಇದ್ಯಲ್ಲ ಅದೇ ಟೋಪಿ ಬಾಯಿ, ಅದನ್ನ ಹೊಲಿಯೋ ಕೆಲಸವೇ ಇಲ್ಲ. ಅಂಚಿಂದ 16 ಸೆಂಟಿಮೀಟರ್ ಎತ್ತರಕ್ಕೆ ತೋಳು ಕತ್ತರಿಸಿ, ಮೇಲ್ಗಡೆ ಅರ್ಧಚಂದ್ರ ತರ ದುಂಡಗೆ ಮಾಡಿ, ಸಣ್ಣ ಹೊಲಿಗೆ ಹಾಕಿ ಮುಚ್ಚಿ. ಹೊಲಿಗೆ ಉಬ್ಬು ಹೊರಗಡೆ ಬರೋ ಹಾಗೆ ಇಡಿ, ಒಳಗಿದ್ರೆ ನೆತ್ತಿಗೆ ಒತ್ತುತ್ತೆ. ಹಳೇ ಕುಲಾವಿಗೆ ಗದ್ದದ ಕೆಳಗೆ ಕಟ್ಟೋ ಲಾಡಿ ಇರ್ತಿತ್ತು, ಅದು ಬೇಡ, ಕುತ್ತಿಗೆಗೆ ಸುತ್ಕೊಂಡ್ರೆ ಅಪಾಯ. ಗುಂಡಿ ಮಣಿ ಏನೂ ಬೇಡ. ಪ್ರಿಂಟ್ ಇರೋ ಬಟ್ಟೆನೂ ಬೇಡ. ಮಗು ಅಪ್ಪನ ಹಳೇ ಶರ್ಟಿನ ಎರಡು ತೋಳಿಗೆ ಎರಡು ಕುಲಾವಿ ಮಾಡಿ ಕೊಡಿ, ಆ ಮನುಷ್ಯ ಏನ್ಮಾಡ್ತಾನೆ ನೋಡಿ.

ಕೌದಿ

ಹಳೇ ಬಟ್ಟೆ ತುಂಡು ಸೇರಿಸಿ ಹೊಲಿಯೋ ಹೊದಿಕೆನೇ ಕೌದಿ. ಇದು ದೊಡ್ಡ ಕೆಲಸ, ಅರ್ಜೆಂಟ್ ಇರೋರು ಇಲ್ಲಿಗೇ ಬಿಡಿ. ತಂಗಿಗೆ ಮಾಡಿದ್ದು ಇದೇ, 20 ಶರ್ಟು, ಎರಡು ತಿಂಗಳ ಭಾನುವಾರ ಪೂರ್ತಿ.

ಪ್ರತಿ ಶರ್ಟಿನ ಎದೆಭಾಗದಿಂದ ಪ್ರಿಂಟ್ ನಡುವೆ ಬರೋ ಹಾಗೆ 13 ಇಂಚಿನ ಚೌಕ ಕತ್ತರಿಸಿ, ರಟ್ಟಲ್ಲಿ ಒಂದು ಅಳತೆ ಮಾಡಿಟ್ಕೊಂಡ್ರೆ ಎಲ್ಲ ಒಂದೇ ಸಮ ಬರುತ್ತೆ. ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ ಹೋಗಿ 12 ಉಳಿಯುತ್ತೆ. ಅಡ್ಡ ನಾಲ್ಕು ಉದ್ದ ಐದು ಇಟ್ರೆ 4 ಅಡಿಗೆ 5 ಅಡಿ. ಮೆಷಿನ್ ಇರೋರು ಪ್ರತಿ ಚೌಕದ ಹಿಂದೆ ಅಂಟೋ ಕ್ಯಾನ್ವಾಸ್ ಇಸ್ತ್ರಿ ಮಾಡಿ ಅಂಟಿಸ್ಬೇಕು, ಟೈಲರ್ ಸಾಮಾನು ಅಂಗಡೀಲಿ ತೆಳುವಾದದ್ದು ಕೊಡಿ ಅಂತ ಕೇಳಿ, ಇಲ್ಲಾಂದ್ರೆ ಬಟ್ಟೆ ಹಿಗ್ಗಿ ಚೌಕ ಎಲ್ಲ ಸೊಟ್ಟ. ಸೂಜಿನೂ ಬದಲಾಯಿಸಿ, ತುದಿ ಸ್ವಲ್ಪ ದುಂಡಗಿರೋ ಬಾಲ್ ಪಾಯಿಂಟ್ ಸೂಜಿ, ಸೈಜ್ 75/11 ಅಥವಾ 80/12. ಮಾಮೂಲಿ ಚೂಪು ಸೂಜಿ ಹೆಣಿಗೆಯ ನೂಲನ್ನೇ ಕತ್ತರಿಸುತ್ತೆ, ಒಗೆದ್ಮೇಲೆ ಹೊಲಿಗೆ ಉದ್ದಕ್ಕೂ ಸಣ್ಣ ಸಣ್ಣ ತೂತು ಕಾಣಿಸ್ಕೊಳ್ಳುತ್ತೆ. ಮತ್ತೆ ಪ್ರಿಂಟ್ ಮೇಲೆ ನೇರ ಇಸ್ತ್ರಿ ಇಡಲೇಬೇಡಿ!! ರಬ್ಬರ್ ತರ ಇರುತ್ತಲ್ಲ ಆ ಪ್ರಿಂಟ್ ಕರಗುತ್ತೆ. ತಂಗಿ ಎಸ್ಸೆಸ್ಸೆಲ್ಸಿ ಬ್ಯಾಚಿನ ಶರ್ಟಲ್ಲಿ ಮೂವತ್ತೆಂಟು ಹುಡುಗೀರ ಹೆಸರಿತ್ತು, ಅದ್ರಲ್ಲಿ ಆರು ಹೆಸರು ಇಸ್ತ್ರಿಪೆಟ್ಟಿಗೆಗೆ ಅಂಟ್ಕೊಂಡು ಬಂತು. ಹಿಂದಿನಿಂದ ಇಸ್ತ್ರಿ ಮಾಡಿ, ಕೆಳಗೊಂದು ಹಳೇ ಪಂಚೆ ಹಾಸ್ಕೊಳ್ಳಿ.

ಅಲ್ಲಿಗೆ ನಾನು ಮೆಷಿನ್ ಬಿಟ್ಟು ಧಾರವಾಡಕ್ಕೆ ಅಜ್ಜಿ ಹತ್ರ ಹೋದೆ. ಅಜ್ಜಿ ಕ್ಯಾನ್ವಾಸ್ ನೋಡಿ ನಕ್ಕುಬಿಟ್ಳು. ಅವಳ ಲೆಕ್ಕ ಸರಳ, ಹಳೇ ಇಳಕಲ್ ಸೀರೆ ನಾಲ್ಕು ಪದರ ಹಾಸು, ಅದರ ಮೇಲೆ ತುಂಡು ಇಟ್ಟು ಅಂಚು ಒಳಗೆ ಮಡಚಿ ಟಾಕಿ (ಕೈಹೊಲಿಗೆ) ಹಾಕು, ಹಿಗ್ಗೋ ಬಟ್ಟೆನ ಹಿಗ್ಗದ ಸೀರೆ ಹಿಡ್ಕೊಳ್ಳುತ್ತೆ, ಕ್ಯಾನ್ವಾಸ್ ಯಾತಕ್ಕೆ. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಎಲ್ಲ ಕೂರಿಸ್ಕೊಂಡ್ವಿ, ಆಮೇಲೆ ದಪ್ಪ ಹತ್ತಿ ದಾರದಲ್ಲಿ ಸಾಲು ಸಾಲಾಗಿ, ಒಂದು ಟಾಕಿ ಅಕ್ಕಿಕಾಳಷ್ಟು, ಸಾಲಿಂದ ಸಾಲಿಗೆ ಒಂದು ಬೆರಳಗಲ. ನಾನು ಬಟ್ಟೆ ಸಮ ಮಾಡೋಕೆ ಎಳೆದಾಗೆಲ್ಲ ಕೈಮೇಲೆ ಏಟು. "ಜಗ್ಗಬ್ಯಾಡೋ, ಅದು ತಾನ ಕುಂದರ್ತೈತಿ, ನೀ ಸುಮ್ನ ಸೂಜಿ ಹಾಕು." ನಿಜ, ಎಳೆದು ಹೊಲಿದ ಎರಡು ಚೌಕ ಈಗಲೂ ಸುಕ್ಕು ಸುಕ್ಕು, ಸುಮ್ನೆ ಹೊಲಿದಿದ್ದು ನೆಟ್ಟಗಿದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಸಮುದಾಯದ ಹೆಣ್ಮಕ್ಕಳು ಹೊಲಿಯೋ ಕೌದಿನ ಎಲ್ಲಾದ್ರೂ ಸಿಕ್ರೆ ಹತ್ರದಿಂದ ನೋಡಿ. ಅಂಚಿಂದ ಶುರು ಮಾಡಿ ಸುತ್ತುತಾ ಸುತ್ತುತಾ ನಡುವಿಗೆ ಬರ್ತಾರೆ, ಮೂಲೆಗೆ ಬಟ್ಟೆ ಮಡಚಿದ ಸಣ್ಣ ಹೂವು ಇಡ್ತಾರೆ, ಫೂಲ ಅಂತಾರೆ. ಅದನ್ನ ನೋಡ್ಕೊಂಡು ನಾನೂ ನಾಲ್ಕು ಮೂಲೆಗೆ ಅಪ್ಪನ ಶರ್ಟಿನ ಕಾಲರ್ ತುಂಡನ್ನ ತ್ರಿಕೋನ ಮಡಚಿ ಹಾಕಿದೆ, ತಂಗಿ ಮೊದಲು ಕೈ ಹಾಕಿದ್ದೇ ಅಲ್ಲಿಗೆ.

ಇಷ್ಟೆಲ್ಲ ಆಗಲ್ಲ ಅಂದ್ರೆ ಇದೇ ರೀತಿ ಒಂದೇ ದೊಡ್ಡ ಚೌಕದ್ದು 16 ಇಂಚಿನ ದಿಂಬು ಕವರ್ ಮಾಡಿ, ಒಂದು ಸಂಜೆ ಸಾಕು. ಒಳಗಡೆಗೆ ಮಾತ್ರ ಹತ್ತಿ ಅಥವಾ ರೆಡಿಮೇಡ್ ದಿಂಬೇ ಹಾಕಿ. ಉಳಿದಿರೋ ಚಿಂದಿ ಎಲ್ಲ ಇದಕ್ಕೇ ತುಂಬಿದ್ರೆ ಆಯ್ತಲ್ಲ ಅಂತ ನಾನೂ ಜಾಣತನ ಮಾಡಿದ್ದೆ, ಕಲ್ಲಿನಂಗಾಯ್ತು, ಎರಡೂವರೆ ಕೆಜಿ ಇತ್ತು. ಅದೀಗ ನಮ್ಮ ಬಾಲ್ಕನಿ ಬಾಗಿಲು ಗಾಳಿಗೆ ಬಡೀದೇ ಇರೋ ಹಾಗೆ ಒತ್ತು ಕೊಟ್ಕೊಂಡು ಕೂತಿದೆ.