ಇಂಗ್ಲಿಷ್ ಬೋರ್ಡಿನಲ್ಲಿ ‘ಹಿಸ್’ ತೆಗೆದು ‘ದೇರ್’ ಹಾಕುವುದು ಹೇಗೆ

ಚಿಕ್ಕಮಗಳೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಹೋದ ಮಳೆಗಾಲ ಒಂದು ಹೋಮ್‌ಸ್ಟೇಗೆ ‘ಎವ್ರಿ ಗೆಸ್ಟ್ ಮಸ್ಟ್ ಲೀವ್ ಹಿಸ್ ಗಮ್‌ಬೂಟ್ಸ್ ಔಟ್‌ಸೈಡ್’ ಅಂತ ಫ್ಲೆಕ್ಸ್ ಮಾಡಿಕೊಟ್ಟಿದ್ದೆ. ವಾರ ಕಳೆಯುವಷ್ಟರಲ್ಲಿ ಅವರ ಫೋನು: “ಅಣ್ಣಾ, ಬಂದಿರೋ ಆರು ಜನಾನೂ ಹೆಂಗಸ್ರು. ಹಂಗಾದ್ರೆ ನಾವು ಬೂಟ್ ಹಾಕ್ಕೊಂಡೇ ಒಳಗೆ ಬರಬಹುದಾ ಅಂತ ನಗ್ತಿದಾರೆ.” ಮತ್ತೆ ಪ್ರಿಂಟು, ನನ್ನ ಖರ್ಚಲ್ಲಿ.

ಈಗ ಮೊದಲು ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ. ‘ಯಾರೋ ಛತ್ರಿ ಬಿಟ್ಟು ಹೋಗಿದ್ದಾರೆ’ ಅಂತೀವಲ್ಲ, ಗಂಡೋ ಹೆಣ್ಣೋ ಗೊತ್ತಿಲ್ಲ, ಬಿಟ್ಟಿದ್ದು ಒಬ್ಬರೇ, ಆದರೂ ‘ಹೋಗಿದ್ದಾರೆ’. ಇಂಗ್ಲಿಷಿನ ‘ಸಮ್‌ಒನ್ ಲೆಫ್ಟ್ ದೇರ್ ಅಂಬ್ರೆಲಾ’ ಕೂಡ ಅದೇ, ‘ದೇರ್’ ಅಂದರೆ ‘ಅವರ’. ಒಬ್ಬರಿಗೇ ‘ದೇ’ ಅಂದರೂ ಕ್ರಿಯಾಪದ ಮಾತ್ರ ‘ದೇ ಆರ್’, ‘ದೇ ಈಸ್’ ಅಲ್ಲ. ಎದುರಿಗಿರುವ ಒಬ್ಬರಿಗೇ ‘ಯು ಆರ್’ ಅನ್ನುವುದಿಲ್ಲವೇ, ಹಾಗೆ.

ನಮ್ಮವರು ಎಡವುವುದು ಮರ್ಯಾದೆಯಲ್ಲಿ. ‘ಅವರು’ ಗೌರವಕ್ಕೂ ಬರುತ್ತದೆ, ‘ದೇ’ ಬರುವುದಿಲ್ಲ. ರಜೆಯಲ್ಲಿರುವ ಹೆಡ್‌ಮಾಸ್ಟರ್ ಬಗ್ಗೆ ‘ದೇ ಆರ್ ಆನ್ ಲೀವ್’ ಅಂತ ಬರೆದುಕೊಂಡು ಬರುತ್ತಾರೆ. ಅಲ್ಲಿ ‘ಹಿ’ ಸಾಕು. ಆದರೆ ತಮ್ಮನ್ನು ಗಂಡು ಅಥವಾ ಹೆಣ್ಣು ಅಂತ ಗುರುತಿಸಿಕೊಳ್ಳದ ಅತಿಥಿ, ತಮಗೆ ‘ದೇ’ ಬಳಸಿ ಅಂತ ತಾವೇ ಹೇಳಿದರೆ ಹಾಗೇ ಬರೆಯಿರಿ. ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರಲ್ಲಿ ಆ ಅರ್ಥವನ್ನೂ ಸೇರಿಸಿಕೊಂಡು, ‘ದೇ’ಯನ್ನೇ ವರ್ಷದ ಪದ ಅಂದಿತ್ತು.

‘ದೇ ಬಹುವಚನ ಕಣಯ್ಯಾ’ ಅಂತ ಗದರುವ ನಿವೃತ್ತ ಮೇಷ್ಟ್ರೊಬ್ಬರು ನನ್ನ ಖಾಯಂ ಗಿರಾಕಿ. 14ನೇ ಶತಮಾನದಿಂದಲೂ ಒಬ್ಬರಿಗೆ ಬಳಸಿದ್ದಾರೆ ಸಾರ್, ತಪ್ಪು ಅಂದದ್ದು ಆಮೇಲಿನ ವ್ಯಾಕರಣದವರು ಅಂತೀನಿ. ಅವರು ಒಪ್ಪಿಲ್ಲ. ಅವರ ಅರ್ಜಿಯಲ್ಲಿ ‘ಹಿ ಆರ್ ಶಿ’ ಹಾಕಿಕೊಡುತ್ತೇನೆ, ದುಡ್ಡು ಅವರದು. ಬಾಡಿಗೆ ಕರಾರು ಬಂದರೆ ವಕೀಲರು ಬರೆದದ್ದನ್ನು ಮುಟ್ಟುವುದಿಲ್ಲ. ಕೇಂದ್ರದ ಕಾಯ್ದೆಗಳ ಮಟ್ಟಿಗೆ, ಪುಲ್ಲಿಂಗದಲ್ಲಿ ಸ್ತ್ರೀಯೂ ಸೇರುತ್ತಾಳೆ ಅನ್ನುವ ನಿಯಮ 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿದೆ. ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟು ಎಪಿಎ (ಅಮೆರಿಕದ ಮನಶ್ಶಾಸ್ತ್ರ ಸಂಘದ) ಬರವಣಿಗೆ ಶೈಲಿಯಲ್ಲಿದ್ದರೆ ಧೈರ್ಯವಾಗಿ ‘ದೇ’ ಹಾಕಿ, ಅವರ ಕೈಪಿಡಿಯ ಏಳನೇ ಆವೃತ್ತಿ ಅದನ್ನೇ ಹೇಳುತ್ತದೆ.

ಬೋರ್ಡಿಗಾದರೆ ಸರ್ವನಾಮವೇ ಬೇಡ. ‘ಲೀವ್ ಗಮ್‌ಬೂಟ್ಸ್ ಔಟ್‌ಸೈಡ್’, ಮುಗಿಯಿತು. ಅಕ್ಷರ ದಪ್ಪವಾಗಿ ಕೂರುತ್ತದೆ, ದೂರದಿಂದ ಕಾಣುತ್ತದೆ.

ಹಳೇ ಫೈಲು ತಿದ್ದುವಾಗ ‘ಹಿಸ್’ ಹುಡುಕಿ ಒಂದೇ ಏಟಿಗೆ ‘ದೇರ್’ ಮಾಡುವ ಮುಂಚೆ, ಪೂರ್ತಿ ಪದ ಮಾತ್ರ ಅನ್ನುವ ಟಿಕ್ ಹಾಕಿದ್ದೀರಾ ನೋಡಿ. ನಾನು ಹಾಕಿರಲಿಲ್ಲ. ಬಾಬಾಬುಡನ್‌ಗಿರಿ ದಾರಿಯ ಒಂದು ಹೋಮ್‌ಸ್ಟೇ ಜಗಲಿಯಲ್ಲಿ ‘ದೇರ್‌ಟರಿ ಆಫ್ ಕಾಫಿ’ ಅನ್ನುವ ಆರು ಅಡಿಯ ಫ್ಲೆಕ್ಸ್ ಎರಡು ದಿನ ನೇತಾಡಿತ್ತು.