ಗಡ್ಡ ತೆಗೆಯುವಾಗ ಕೈ ಹಗುರ ಇರಲಿ

ಶೇವಿಂಗ್ ಆದ ಮೇಲೆ ಕುತ್ತಿಗೆ ಉರಿಯುತ್ತದೆ, ಕೆಂಪು ಗುಳ್ಳೆ ಏಳುತ್ತವೆ, ದವಡೆ ಹತ್ತಿರ ರಕ್ತ ಜಿನುಗುತ್ತದೆ ಅನ್ನುವವರು ಮೊದಲು ಬಯ್ಯುವುದು ಬ್ಲೇಡನ್ನು. ಆಮೇಲೆ ಐದು ಬ್ಲೇಡಿನ ದುಬಾರಿ ರೇಜರ್ ತರುತ್ತಾರೆ, ಉರಿ ಮಾತ್ರ ಹಾಗೇ ಇರುತ್ತದೆ. ಬಹಳ ಸಲ ತಪ್ಪು ಬ್ಲೇಡಿನದ್ದಲ್ಲ, ಕೈಯದ್ದು. ಜಾಸ್ತಿ ಒತ್ತುತ್ತೇವೆ, ಕಡಿಮೆ ನೆನೆಸುತ್ತೇವೆ. ಈ ಎರಡನ್ನು ತಿದ್ದಿಕೊಂಡರೆ ಸಾಧಾರಣ ರೇಜರಿನಲ್ಲೂ ನುಣ್ಣಗೆ ಶೇವ್ ಆಗುತ್ತದೆ.

ನೆನೆಸುವುದರಿಂದ ಶುರು ಮಾಡೋಣ. ಒಣಗಿದ ಗಡ್ಡದ ಕೂದಲು ತುಂಬಾ ಗಟ್ಟಿ. ನೀರು ಹೀರಿಕೊಂಡರೆ ಸ್ವಲ್ಪ ಉಬ್ಬಿ ಮೆತ್ತಗಾಗುತ್ತದೆ, ಆಗ ಬ್ಲೇಡಿಗೆ ಕೆಲಸ ಸಲೀಸು. ಅದಕ್ಕೆ ಎರಡು ಮೂರು ನಿಮಿಷವಾದರೂ ಬೇಕು. ಸುಮ್ನೆ ಒಂದು ಬೊಗಸೆ ನೀರು ಮುಖಕ್ಕೆ ಎರಚಿ ತಕ್ಷಣ ರೇಜರ್ ಹಿಡಿದರೆ ಏನೂ ಪ್ರಯೋಜನ ಇಲ್ಲ. ಸ್ನಾನ ಮುಗಿಸಿದ ಕೂಡಲೇ ಶೇವ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯದು. ಅದಾಗದಿದ್ದರೆ ಮುಖವನ್ನು ಸೋಪಿನಿಂದ ತೊಳೆದು ಜಿಡ್ಡು ತೆಗೆಯಿರಿ, ಆಮೇಲೆ ಟವೆಲನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಗಡ್ಡದ ಮೇಲೆ ಒತ್ತಿಟ್ಟುಕೊಳ್ಳಿ. ಸುಡುವಷ್ಟು ಬಿಸಿ ಬೇಡ, ಹಿತವಾಗಿದ್ದರೆ ಸಾಕು.

ನೊರೆ ಹಚ್ಚುವುದು ಬಿಳಿ ಬಣ್ಣ ಕಾಣಲಿ ಅಂತಲ್ಲ. ಅದು ನೀರನ್ನು ಕೂದಲಿನ ಬುಡದಲ್ಲಿ ಹಿಡಿದಿಡುತ್ತದೆ, ಬ್ಲೇಡ್ ಚರ್ಮದ ಮೇಲೆ ಜಾರುವಂತೆ ಮಾಡುತ್ತದೆ. ಮುಖ ಒದ್ದೆ ಇರುವಾಗಲೇ ಹಚ್ಚಿ. ಬ್ರಷ್ ಇದ್ದರೆ ಸುತ್ತು ಸುತ್ತಾಗಿ ತಿಕ್ಕಿ, ಮಲಗಿದ ಕೂದಲು ಎದ್ದು ನಿಲ್ಲುತ್ತದೆ. ನೊರೆ ಒಣಗಿ ಬಿರಿಯಲು ಶುರುವಾದರೆ ಇನ್ನೊಂದು ಸಲ ನೀರು ಸೇರಿಸಿ ಹಚ್ಚಿ, ಒಣ ನೊರೆಯ ಮೇಲೆ ರೇಜರ್ ಎಳೆಯಬೇಡಿ.

ಈಗ ಹೆಚ್ಚಿನವರು ಯಾವತ್ತೂ ಮಾಡದ ಒಂದು ಕೆಲಸ ಹೇಳುತ್ತೇನೆ. ಎರಡು ದಿನದ ಕುರುಚಲು ಗಡ್ಡ ಇರುವಾಗ ಕನ್ನಡಿ ಮುಂದೆ ನಿಂತು ಬೆರಳ ತುದಿಯನ್ನು ಕೆನ್ನೆಯ ಮೇಲೆ ಮೇಲಿಂದ ಕೆಳಗೆ ಆಡಿಸಿ, ಆಮೇಲೆ ಕೆಳಗಿಂದ ಮೇಲೆ, ಆಮೇಲೆ ಅಡ್ಡಕ್ಕೆ. ಒಂದು ದಿಕ್ಕಿನಲ್ಲಿ ನುಣ್ಣಗೆ ಹೋಗುತ್ತದೆ, ಎದುರು ದಿಕ್ಕಿನಲ್ಲಿ ಚುಚ್ಚುತ್ತದೆ. ನುಣ್ಣಗೆ ಹೋಗುವ ದಿಕ್ಕೇ ಕೂದಲು ಬೆಳೆಯುವ ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕುತ್ತಿಗೆಗೆ ಬಂದರೆ ಲೆಕ್ಕವೇ ಬೇರೆ, ಕೆಲವರಿಗೆ ಮೇಲ್ಮುಖ, ಕೆಲವರಿಗೆ ಕಿವಿಯ ಕಡೆಗೆ ಓರೆ, ಇನ್ನು ಕೆಲವರಿಗೆ ಗಂಟಲಿನ ಒಂದು ಪಕ್ಕದಲ್ಲಿ ಸುಳಿ. ಕುತ್ತಿಗೆ ಮಾತ್ರ ಯಾವಾಗಲೂ ಉರಿಯುವವರು ಇದನ್ನೊಮ್ಮೆ ನೋಡಲೇಬೇಕು. ಕೂದಲು ಮೇಲ್ಮುಖವಾಗಿದ್ದು ನೀವು ರೇಜರನ್ನು ಕೆಳಕ್ಕೆ ಎಳೆಯುತ್ತಿದ್ದರೆ, ದಿನಾ ಎದುರು ದಿಕ್ಕಿನಲ್ಲೇ ಬೋಳಿಸುತ್ತಿದ್ದೀರಿ ಅಂತ ಅರ್ಥ.

ಮೊದಲ ಸುತ್ತು ಕೂದಲಿನ ದಿಕ್ಕಿನಲ್ಲೇ ಹೋಗಲಿ. ರೇಜರ್ ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿಯಬೇಡಿ, ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ, ತುದಿಯ ಹತ್ತಿರ ಹಿಡಿದರೆ ಒತ್ತಬೇಕೆಂದರೂ ಜಾಸ್ತಿ ಒತ್ತಲಾಗುವುದಿಲ್ಲ. ಎರಡು ಅಂಚಿನ ಬ್ಲೇಡ್ ಹಾಕುವ ಸೇಫ್ಟಿ ರೇಜರ್ ಆಗಿದ್ದರೆ ಅದರ ತಲೆಯನ್ನು ಕೆನ್ನೆಗೆ ತಾಗಿಸಿ ಹಿಡಿಯನ್ನು ನಿಧಾನಕ್ಕೆ ಕೆಳಗಿಳಿಸಿ, ಸುಮಾರು 30 ಡಿಗ್ರಿ ಕೋನಕ್ಕೆ ಬಂದಾಗ ಅಂಚು ಕೂದಲನ್ನು ಹಿಡಿಯುತ್ತದೆ. ಆಗ ಸಣ್ಣಗೆ ಚರಚರ ಸದ್ದು ಕೇಳುತ್ತದೆ, ಕೋನ ಸರಿಯಿದೆ ಅಂತ ಕಿವಿಗೇ ಗೊತ್ತಾಗುತ್ತದೆ. ಅಲ್ಲಿಂದ ಒಂದೊಂದು ಇಂಚಿನಷ್ಟೇ ಎಳೆಯಿರಿ, ರೇಜರಿನ ಭಾರ ಸಾಕು. ಇನ್ನೊಂದು ಕೈಯಲ್ಲಿ ಚರ್ಮವನ್ನು ಸ್ವಲ್ಪ ಬಿಗಿಯಾಗಿ ಹಿಡಿದಿರಿ. ಗಂಟಲಿನ ಉಬ್ಬಿನ ಮೇಲೆ ನೇರವಾಗಿ ಎಳೆಯುವ ಬದಲು ಅಲ್ಲಿನ ಚರ್ಮವನ್ನು ಪಕ್ಕಕ್ಕೆ ಸರಿಸಿಕೊಂಡು ಬೋಳಿಸಿ. ಮೂಗಿನ ಕೆಳಗೆ ಬಂದಾಗ ಮೇಲ್ತುಟಿಯನ್ನು ಹಲ್ಲಿನ ಮೇಲೆ ಇಳಿಸಿಕೊಳ್ಳಿ.

ಇನ್ನೂ ನುಣುಪು ಬೇಕಾದರೆ ಮತ್ತೆ ನೊರೆ ಹಚ್ಚಿ ಅಡ್ಡ ದಿಕ್ಕಿನಲ್ಲಿ ಎರಡನೇ ಸುತ್ತು ಮಾಡಬಹುದು. ಎದುರು ದಿಕ್ಕು ಚರ್ಮ ತಡೆದುಕೊಳ್ಳುವವರಿಗೆ ಮಾತ್ರ. ನನ್ನ ಅಭಿಪ್ರಾಯ ಕೇಳಿದರೆ ಕುತ್ತಿಗೆಗೆ ಅದು ಬೇಡವೇ ಬೇಡ, ಸಂಜೆ ಹೊತ್ತಿಗೆ ಸ್ವಲ್ಪ ಚುಚ್ಚಿದರೆ ಯಾರಿಗೂ ನಷ್ಟ ಇಲ್ಲ ಅಲ್ವಾ.

ಗುಂಗುರು ಗಡ್ಡದವರಿಗೆ ಇಷ್ಟು ಸಾಲದು. ಹೆಚ್ಚು ಬ್ಲೇಡಿನ ರೇಜರುಗಳು ಕೂದಲನ್ನು ಎಳೆದು ಕತ್ತರಿಸುವುದರಿಂದ ತುದಿ ಚರ್ಮದ ಒಳಗೇ ಉಳಿಯಬಹುದು, ಅದು ಬಾಗಿ ಒಳಗೇ ಬೆಳೆದರೆ ನೋಯುವ ಗುಳ್ಳೆಯಾಗುತ್ತದೆ. ಅದನ್ನು ಉಗುರಿನಿಂದ ಕೀಳಬೇಡಿ. ಕೆಲವು ವಾರ ಬ್ಲೇಡ್ ಬಿಟ್ಟು ಟ್ರಿಮ್ಮರ್ ಹಿಡಿಯಿರಿ, ಒಂದು ಮಿಲಿಮೀಟರಿನಷ್ಟು ಗಡ್ಡ ಉಳಿಸಿದರೆ ಗುಳ್ಳೆ ತಾನಾಗಿ ಕಡಿಮೆಯಾಗುತ್ತದೆ. ಕೀವು ತುಂಬಿದರೆ ಚರ್ಮದ ಡಾಕ್ಟರಿಗೆ ತೋರಿಸಿ.

ಮುಗಿದ ಮೇಲೆ ತಣ್ಣೀರಿನಲ್ಲಿ ತೊಳೆದು ಟವೆಲಿನಿಂದ ಮೆಲ್ಲಗೆ ಒತ್ತಿಕೊಳ್ಳಿ, ಉಜ್ಜಬೇಡಿ. ಗೀರು ಬಿದ್ದಿದ್ದರೆ ಒದ್ದೆ ಪಟಿಕದ ಕಲ್ಲು ಒತ್ತಿದರೆ ರಕ್ತ ನಿಲ್ಲುತ್ತದೆ. ಘಮಘಮ ಅನ್ನುವ ಸ್ಪಿರಿಟ್ ಹಾಕಿದ ಆಫ್ಟರ್‌ಶೇವ್ ಚುರುಗುಟ್ಟುತ್ತದೆ, ಚರ್ಮ ಒಣಗಿಸುತ್ತದೆ, ಅದಕ್ಕಿಂತ ವಾಸನೆಯಿಲ್ಲದ ಮಾಯಿಶ್ಚರೈಸರ್ ಎಷ್ಟೋ ವಾಸಿ. ಕಾಲು, ಕಂಕುಳ ಶೇವ್ ಮಾಡುವವರಿಗೂ ಇದೇ ಕ್ರಮ.

ಬ್ಲೇಡಿನ ಉಕ್ಕು ಕೂದಲಿಗಿಂತ ಸುಮಾರು 50 ಪಟ್ಟು ಗಟ್ಟಿ, ಆದರೂ ಬ್ಲೇಡ್ ಮೊಂಡಾಗುತ್ತದೆ. ಅದು ಯಾಕೆ ಅಂತ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದವರು ಮೈಕ್ರೋಸ್ಕೋಪಿನಲ್ಲಿ ನೋಡಿ 2020ರಲ್ಲಿ ಪ್ರಕಟಿಸಿದರು. ಅಂಚು ಸವೆಯುವುದು ಮಾತ್ರ ಅಲ್ಲ, ಕೂದಲು ಬಾಗಿ ಕೆಲವು ಕಡೆ ಒತ್ತಿದಾಗ ಅಂಚಿನಿಂದ ಸಣ್ಣ ಸಣ್ಣ ಚಕ್ಕೆಗಳು ಎದ್ದುಹೋಗುತ್ತವೆ. ಕೂದಲು ಕತ್ತರಿಸುವ ಬದಲು ಜಗ್ಗಿದ ಹಾಗೆ ಅನ್ನಿಸಿದ ದಿನವೇ ಬ್ಲೇಡ್ ಬದಲಾಯಿಸಿ, ಒತ್ತಿ ಒತ್ತಿ ಇನ್ನೊಂದು ವಾರ ತಳ್ಳಬೇಡಿ. ರೇಜರನ್ನು ತೊಳೆದು, ನೀರು ಕೊಡವಿ, ಒಣ ಜಾಗದಲ್ಲಿಡಿ. ಇನ್ನೊಬ್ಬರ ರೇಜರ್ ಮುಟ್ಟಲೇಬೇಡಿ, ಮನೆಯವರದ್ದಾದರೂ ಸರಿ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರುತ್ತದೆ, ಕಣ್ಣಿಗೆ ಕಾಣದ ರಕ್ತದ ಕಲೆಯೂ ಅದಕ್ಕೆ ಸಾಕು.

ಹೊಸದಾಗಿ ಮೀಸೆ ಚಿಗುರಿದ ಹುಡುಗರು ಕೇಳುವ ಪ್ರಶ್ನೆ ಒಂದಿದೆ. ಬೋಳಿಸಿದರೆ ಗಡ್ಡ ದಪ್ಪ ಬರುತ್ತದಾ? ಬರುವುದಿಲ್ಲ. ಮಿಲ್ಡ್ರೆಡ್ ಟ್ರಾಟರ್ ಎಂಬ ಸಂಶೋಧಕಿ 1928ರಲ್ಲೇ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಕತ್ತರಿಸದ ಕೂದಲಿನ ತುದಿ ಚೂಪಾಗಿ ತೆಳ್ಳಗಿರುತ್ತದೆ, ಕತ್ತರಿಸಿದರೆ ಮೊಂಡು, ಕೈಗೆ ಒರಟಾಗಿ ಸಿಗುತ್ತದೆ, ಅಷ್ಟೇ.

ಬೋಳಿಸಲೇಬೇಕಾ ಅನ್ನುವುದು ಇನ್ನೊಂದು ಪ್ರಶ್ನೆ. ಒಂದು ಧರ್ಮದ ಸನ್ಯಾಸಿ ತಲೆ ಬೋಳಿಸುತ್ತಾರೆ, ಇನ್ನೊಂದು ಧರ್ಮದವರು ಕೂದಲಿಗೆ ಕತ್ತರಿಯನ್ನೇ ತಾಗಿಸುವುದಿಲ್ಲ. ಸಾವಾದ ಮನೆಯಲ್ಲಿ ಕೆಲವರು ಕೂದಲು ತೆಗೆಯುತ್ತಾರೆ, ಕೆಲವರು ಗಡ್ಡ ಬಿಡುತ್ತಾರೆ. ರಷ್ಯಾದ ದೊರೆ ಪೀಟರ್ 1698ರಲ್ಲಿ ಯುರೋಪಿನಿಂದ ವಾಪಸ್ ಬಂದವನೇ ಆಸ್ಥಾನದವರ ಗಡ್ಡ ಕತ್ತರಿಸಿದ, ಆಮೇಲೆ ಗಡ್ಡ ಬಿಟ್ಟವರಿಗೆ ತೆರಿಗೆಯನ್ನೂ ಹಾಕಿದ. ಅದಕ್ಕೇ ನನಗೆ ಈ ವಿಷಯ ಸಣ್ಣದು ಅನ್ನಿಸುವುದಿಲ್ಲ. ಮುಖ ನಿಮ್ಮದು, ಬೇರೆಯವರ ಬಲವಂತಕ್ಕೆ ಬೋಳಿಸುವುದೂ ಬೇಡ, ಬೆಳೆಸುವುದೂ ಬೇಡ.

ಹಾಸಿಗೆ ಹಿಡಿದ ಅಪ್ಪನಿಗೋ ಅಜ್ಜನಿಗೋ ನೀವು ಶೇವ್ ಮಾಡಬೇಕಾಗಿ ಬಂದರೆ ಇನ್ನಷ್ಟು ಜೋಪಾನ ಬೇಕು. ಕಾಯಿಲೆಯಲ್ಲಿ ತಿಂಗಳುಗಟ್ಟಲೆ ಮಲಗಿದವರಿಗೆ ಶುಭ್ರವಾದ ಮುಖ ಎಷ್ಟು ಸಮಾಧಾನ ಕೊಡುತ್ತದೆ ಅನ್ನುವುದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಮೊದಲು ಅವರನ್ನು ಕೇಳಿ, ಮೀಸೆ ಇರಲಾ, ತೆಗೆಯಲಾ ಅಂತ. ದಿಂಬು ಕೊಟ್ಟು ಕೂರಿಸಿ, ಬೆಳಕು ಮುಖದ ಮೇಲೆ ಬೀಳಲಿ. ವಯಸ್ಸಾದವರ ಚರ್ಮ ತೆಳು ಮತ್ತು ಸಡಿಲ, ಸುಕ್ಕನ್ನು ಎರಡು ಬೆರಳಲ್ಲಿ ಬಿಡಿಸಿ ಹಿಡಿದು ಅರ್ಧ ಇಂಚಿನಷ್ಟೇ ಎಳೆಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಬ್ಲೇಡ್ ಬೇಡ, ಎಲೆಕ್ಟ್ರಿಕ್ ಶೇವರ್ ಬಳಸಿ. ಮೂಗಿಗೆ ಆಕ್ಸಿಜನ್ ಇಟ್ಟಿದ್ದರೆ ಎಲೆಕ್ಟ್ರಿಕ್ ಶೇವರಿನಿಂದ ಕಿಡಿಯ ಅಪಾಯ ಇರುತ್ತದೆ, ನರ್ಸನ್ನು ಕೇಳದೆ ಶುರು ಮಾಡಬೇಡಿ. ಗೀರು ಬಿದ್ದರೆ ಸ್ವಚ್ಛ ಬಟ್ಟೆಯನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಮಧ್ಯೆ ಮಧ್ಯೆ ತೆಗೆದು ನೋಡಬೇಡಿ, ಅಷ್ಟಕ್ಕೂ ರಕ್ತ ನಿಲ್ಲದಿದ್ದರೆ ಡಾಕ್ಟರಿಗೆ ತಿಳಿಸಿ.