ಕ್ಯೂಆರ್ ಚಿತ್ರವನ್ನು ಮೊದಲು ಓದುತ್ತೇನೆ, ತೆರೆಯುವ ಮಾತು ಆಮೇಲೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಜೊತೆಗೆ ಪಹಣಿ ತೆಗೆಯುವುದು, ಸ್ಕಾಲರ್‌ಶಿಪ್ ಅರ್ಜಿ ತುಂಬುವುದು, ಪ್ರಿಂಟ್ ಹಾಕಿಕೊಡುವುದು. ಈಗೀಗ ಜನ ತರುವ ಬಹಳಷ್ಟು ಚಿತ್ರಗಳಲ್ಲಿ ಒಂದು ಕ್ಯೂಆರ್ ಚೌಕ ಇದ್ದೇ ಇರುತ್ತದೆ. ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲಿ ಎಲ್ಲಿಂದಲೋ ಎಲ್ಲಿಗೋ ಫಾರ್ವರ್ಡ್ ಆಗಿ ಬಂದವು.

ಕಳೆದ ಬೇಸಿಗೆಯಲ್ಲಿ ಆಳಂದ ಕಡೆಯ ಒಬ್ಬ ಕಾಕಾ ಬಂದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಕೂರುವ ಮೊದಲೇ ಫೋನ್ ನನ್ನ ಮುಂದಿಟ್ಟರು.

"ತಮ್ಮಾ, ಇದನ್ನ ಸ್ಕ್ಯಾನ್ ಮಾಡಿ ಕೊಡು. ಕರೆಂಟ್ ಬಿಲ್ ಬಾಕಿ ಅದ ಅಂತ, ಇವತ್ತು ರಾತ್ರಿ ಲೈನ್ ಕಟ್ ಮಾಡ್ತಾರಂತ. ಚಿತ್ರ ನನ್ನ ಫೋನ್‌ದಾಗೇ ಅದ. ಅದೇ ಫೋನ್‌ಲೆ ಅದನ್ನ ಹೆಂಗ ಸ್ಕ್ಯಾನ್ ಮಾಡ್ಲಿ?"

ಅವರ ಪ್ರಶ್ನೆ ಸರಿಯಾಗಿಯೇ ಇತ್ತು. ಗೋಡೆಯ ಮೇಲಿನ ಕ್ಯೂಆರ್‌ಗೆ ಕ್ಯಾಮೆರಾ ಹಿಡಿಯಬಹುದು. ಫೋನಿನೊಳಗೇ ಇರುವ ಚಿತ್ರಕ್ಕೆ ಏನು ಹಿಡಿಯುವುದು? ಇದೇ ತೊಡಕಿಗೆ ಜನ ಅವಸರದಲ್ಲಿ ಯಾವುದೋ ವೆಬ್‌ಸೈಟ್ ಹುಡುಕಿ, ಚಿತ್ರ ಅಪ್‌ಲೋಡ್ ಮಾಡಿ, ಬಂದ ಲಿಂಕನ್ನು ಒತ್ತಿಬಿಡುತ್ತಾರೆ.

ನಾನು ಒತ್ತಲಿಲ್ಲ. ಚಿತ್ರದಲ್ಲಿ ಏನು ಬರೆದಿದೆ ಎಂದಷ್ಟೇ ಓದಿಸಿ ನೋಡಿದೆ. ವಿಳಾಸದಲ್ಲಿ ಬಿಲ್, ಕರೆಂಟ್ ಎಂಬ ಪದಗಳೆಲ್ಲ ಇದ್ದವು. ಆದರೆ ಕೊನೆಯಲ್ಲಿ ‘ಎಪಿಕೆ’ ಎಂದಿತ್ತು. ಎಪಿಕೆ ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲ್. ಪ್ಲೇ ಸ್ಟೋರ್‌ನ ಹೊರಗಿಂದ ಬರುವ ಇಂಥ ಆ್ಯಪ್‌ಗೆ ಮೆಸೇಜ್ ಓದುವ ಅನುಮತಿ ಕೊಟ್ಟರೆ ಬ್ಯಾಂಕಿನ ಒಟಿಪಿಯೂ ಅದರ ಕೈಗೆ ಹೋಗುತ್ತದೆ.

"ಕಾಕಾ, ಇದು ಬಿಲ್ ಅಲ್ರಿ. ನಿಮ್ಮ ಫೋನ್‌ದಾಗ ಆ್ಯಪ್ ಇಳಿಸೋ ಲಿಂಕ್ ಅದ."

"ಹಂಗಾದ್ರ ನನ್ನ ಬಿಲ್?"

ಜೇಬಿನಲ್ಲಿ ಹಳೆಯ ಬಿಲ್ ಇತ್ತು. ಅದರಲ್ಲಿದ್ದ ಖಾತೆ ನಂಬರ್ ಹಾಕಿ ನೋಡಿದೆವು. ಒಂದು ರೂಪಾಯಿಯೂ ಬಾಕಿ ಇರಲಿಲ್ಲ. ಅವರು ಎರಡು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು.

ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಕ್ಯೂಆರ್ ಅಂದರೆ ಮಡಚಿಟ್ಟ ಚೀಟಿ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಇದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಒಳಗೆ ಇರುವುದು ಬರೀ ಅಕ್ಷರ, ಅಂಕಿ. ಬರೀ ಅಂಕಿಯಾದರೆ 7,089ರವರೆಗೆ ಹಿಡಿಯುತ್ತದೆ. ಚೀಟಿ ಬಿಚ್ಚಿ ಓದಿದರೆ ನಷ್ಟವಿಲ್ಲ. ಅದರಲ್ಲಿ ಬರೆದ ಹಾಗೆ ಮಾಡಿದಾಗಲೇ ತೊಂದರೆ ಶುರು. ಆದ್ದರಿಂದ ಓದುವುದನ್ನೂ ತೆರೆಯುವುದನ್ನೂ ಎರಡು ಬೇರೆ ಕೆಲಸ ಮಾಡಿಕೊಂಡೆ.

ಗಿರಾಕಿಯ ಫೋನಿನಲ್ಲೇ ಆಗುವುದಾದರೆ ಗೂಗಲ್ ಲೆನ್ಸ್ ಬಳಸುತ್ತೇನೆ. ಗ್ಯಾಲರಿಯಿಂದ ಚಿತ್ರ ಆರಿಸಿದರೆ ಒಳಗಿನ ಲಿಂಕ್ ಕಾಣಿಸುತ್ತದೆ, ಒತ್ತಿದರೆ ಮಾತ್ರ ತೆರೆಯುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಝಡ್‌ಬಾರ್ ಎಂಬ ಉಚಿತ ಪ್ರೋಗ್ರಾಂ ಇದೆ. ಚಿತ್ರದ ಫೈಲ್ ಕೊಟ್ಟರೆ ಒಳಗಿನ ಬರಹವನ್ನು ಸಾಲಾಗಿ ತೋರಿಸಿ ನಿಲ್ಲುತ್ತದೆ. ಯಾವುದನ್ನೂ ತಾನಾಗಿ ತೆರೆಯುವುದಿಲ್ಲ, ಇಂಟರ್ನೆಟ್ ಕೂಡ ಕೇಳುವುದಿಲ್ಲ. ನನಗೆ ಇದೇ ಜಾಸ್ತಿ ಇಷ್ಟ.

ಮೊದಮೊದಲು ನಾನೂ, ಚಿತ್ರ ಹಾಕಿದರೆ ಕ್ಯೂಆರ್ ಓದಿ ಹೇಳುವ ಆನ್‌ಲೈನ್ ಸೈಟುಗಳಿಗೇ ಹೋಗುತ್ತಿದ್ದೆ. ಅಲ್ಲೇ ಒಂದು ತಪ್ಪು ಮಾಡಿದೆ. ಕಾಲೇಜು ಹುಡುಗನೊಬ್ಬ ತನ್ನ ಇಮೇಲ್‌ಗೆ ಎರಡನೇ ಹಂತದ ಭದ್ರತೆ ಹಾಕಿಸಲು ಬಂದಿದ್ದ. ಪರದೆ ಮೇಲಿನ ಕ್ಯೂಆರ್ ಅವನ ಫೋನಿಗೆ ಸಿಗಲಿಲ್ಲ. ನಾನು ಸ್ಕ್ರೀನ್‌ಶಾಟ್ ತೆಗೆದು, ಮೊದಲು ಸಿಕ್ಕ ಸೈಟಿಗೆ ಹಾಕಿದೆ. ಉತ್ತರ ಬಂದಾಗ ಎದೆ ಧಸಕ್ಕೆಂದಿತು. ಆ ಕ್ಯೂಆರ್ ಒಳಗೆ ಇರುವುದು ಅವನ ಆರು ಅಂಕಿಯ ಕೋಡ್‌ಗಳನ್ನು ಹುಟ್ಟಿಸುವ ಗುಟ್ಟಿನ ಕೀಲಿ. ಅದನ್ನು ಗುರುತಿಲ್ಲದ ಸರ್ವರ್‌ಗೆ ನಾನೇ ಕೈಯಾರೆ ಕೊಟ್ಟಿದ್ದೆ. ಅವನಿಗೆ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಆ ಕೀಲಿ ರದ್ದು ಮಾಡಿ, ಹೊಸದು ತೆಗೆದು, ಈ ಸಲ ಕೈಯಿಂದ ಟೈಪ್ ಮಾಡಿದೆವು.

ಹಾಗಾಗಿ ಕೆಲವು ಚಿತ್ರಗಳನ್ನು ಯಾವ ಸೈಟಿಗೂ ಹಾಕುವುದಿಲ್ಲ. ವೈಫೈ ಕ್ಯೂಆರ್‌ನಲ್ಲಿ ಪಾಸ್‌ವರ್ಡ್ ಯಾವ ಮುಚ್ಚುಮರೆಯೂ ಇಲ್ಲದೆ ಇದ್ದ ಹಾಗೇ ಬರೆದಿರುತ್ತದೆ. ಇ-ಆಧಾರ್‌ನ ಕ್ಯೂಆರ್‌ನಲ್ಲಿ ಹೆಸರು, ವಿಳಾಸ, ಹುಟ್ಟಿದ ತಾರೀಖು, ಫೋಟೊ ಎಲ್ಲ ಇರುತ್ತವೆ. ಇನ್ನು ವಾಟ್ಸ್‌ಆ್ಯಪ್ ವೆಬ್‌ನ ಕ್ಯೂಆರ್ ಬೇರೆ ಥರದ್ದು. ಬೇರೆಯವರು ತಮ್ಮ ಕಂಪ್ಯೂಟರಿನ ಆ ಕ್ಯೂಆರ್ ಕಳಿಸಿ ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿಸಿಕೊಂಡರೆ, ನಿಮ್ಮ ಚಾಟ್‌ಗಳು ಅವರ ಪರದೆ ಮೇಲೆ ತೆರೆದುಕೊಳ್ಳುತ್ತವೆ.

ಎಲ್ಲ ಸೈಟುಗಳೂ ಚಿತ್ರವನ್ನು ಕಳಿಸಿಕೊಳ್ಳುವುದಿಲ್ಲ, ಅದನ್ನೂ ಹೇಳಬೇಕು. ಕೆಲವು ನಮ್ಮ ಬ್ರೌಸರ್ ಒಳಗೇ ಓದಿ ಮುಗಿಸುತ್ತವೆ. ನಾನು ಪರೀಕ್ಷೆ ಮಾಡುವುದು ಹೀಗೆ: ಬೇಡವಾದ ಒಂದು ಕ್ಯೂಆರ್ ಚಿತ್ರ ಇಟ್ಟುಕೊಂಡು ಸೈಟ್ ತೆರೆಯುತ್ತೇನೆ. ಪೂರ್ತಿ ತೆರೆದ ಮೇಲೆ ಇಂಟರ್ನೆಟ್ ಬಂದ್ ಮಾಡಿ, ಆಮೇಲೆ ಚಿತ್ರ ಹಾಕುತ್ತೇನೆ. ಆಗಲೂ ಓದಿತೆಂದರೆ ಕೆಲಸ ಬ್ರೌಸರಿನಲ್ಲೇ ನಡೆಯುತ್ತಿದೆ. ಓದದಿದ್ದರೆ ಆ ಸೈಟನ್ನು ಅಲ್ಲಿಗೇ ಬಿಡುತ್ತೇನೆ.

ಒಮ್ಮೊಮ್ಮೆ ಚಿತ್ರವೇ ಓದಿಸಿಕೊಳ್ಳುವುದಿಲ್ಲ. ಆಗ ಮೊದಲು ಮೂರು ಮೂಲೆಯ ದೊಡ್ಡ ಚೌಕಗಳು ಪೂರ್ತಿ ಇವೆಯೇ ನೋಡುತ್ತೇನೆ. ಸುತ್ತ ಬಿಳಿ ಅಂಚು ಬೇಕೇ ಬೇಕು, ಒಳಗಿನ ಚಿಕ್ಕ ಚೌಕದ ನಾಲ್ಕರಷ್ಟು ಅಗಲ. ತೀರಾ ಒತ್ತಾಗಿ ಕ್ರಾಪ್ ಮಾಡಿದವರ ಚಿತ್ರ ಇಲ್ಲೇ ಸೋಲುತ್ತದೆ. ಬಿಳಿ ಅಂಚು ಸೇರಿಸಿದರೆ ಎಷ್ಟೋ ಸಲ ಓದುತ್ತದೆ. ಮಧ್ಯದಲ್ಲಿ ಲೋಗೊ ಇದ್ದರೆ, ಅಲ್ಲಲ್ಲಿ ಕಲೆ ಇದ್ದರೆ ಚಿಂತೆ ಬೇಡ. ತಪ್ಪು ತಿದ್ದಿಕೊಳ್ಳುವ ಶಕ್ತಿಯನ್ನು ಎಲ್ಲಕ್ಕಿಂತ ಹೆಚ್ಚಿನ ಮಟ್ಟಕ್ಕೆ ಇಟ್ಟು ಮಾಡಿದ ಕ್ಯೂಆರ್ ಸುಮಾರು 30 ಶೇಕಡಾ ಹಾಳಾದರೂ ಸರಿಪಡಿಸಿಕೊಳ್ಳುತ್ತದೆ.

ಓದಿದ ಮೇಲೆ ವಿಳಾಸ ಬಂದರೆ ಅದನ್ನು ನಿಧಾನವಾಗಿ ನೋಡಬೇಕು. ‘ಎಚ್‌ಟಿಟಿಪಿಎಸ್’ ಮುಂದಿನ ಜೋಡಿ ಓರೆಗೆರೆಯಿಂದ (//) ಅದರ ನಂತರದ ಮೊದಲ ಓರೆಗೆರೆವರೆಗೆ (/) ಇರುವುದೇ ಸೈಟಿನ ಹೆಸರು. ಅದನ್ನು ಬಲಗಡೆಯಿಂದ ಓದುತ್ತೇನೆ. ಸರಕಾರಿ ಸೈಟಾದರೆ ಆ ಹೆಸರಿನ ಕೊನೆಗೆ ಸಾಮಾನ್ಯವಾಗಿ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಇರುತ್ತದೆ. ‘ಗವ್’ ಎಂಬುದು ಶುರುವಿನಲ್ಲೋ ಮಧ್ಯದಲ್ಲೋ ಇದ್ದು, ಕೊನೆಯಲ್ಲಿ ಬೇರೇನೋ ಇದ್ದರೆ ಅದು ಸರಕಾರದ್ದಲ್ಲ. ಗಿಡ್ಡ ಲಿಂಕ್ ಬಂದರೆ ಇನ್ನೂ ಹುಷಾರು, ಎಲ್ಲಿಗೆ ಒಯ್ಯುತ್ತದೆ ಅಂತ ಕಾಣುವುದೇ ಇಲ್ಲ. ಲಿಂಕ್ ಗಿಡ್ಡ ಮಾಡಿಕೊಡುವ ಬಿಟ್ಲಿ ಸೈಟಿನದಾದರೆ ಕೊನೆಗೆ ಒಂದು + ಹಾಕಿ ನೋಡುತ್ತೇನೆ, ನಿಜವಾದ ವಿಳಾಸ ಮೊದಲೇ ತಿಳಿಯುತ್ತದೆ.

ರೊಕ್ಕದ ಕ್ಯೂಆರ್ ಓದಿದರೆ ‘ಯುಪಿಐ’ ಎಂದು ಶುರುವಾಗುತ್ತದೆ. ಅದರಲ್ಲಿ ‘ಪಿಎ’ ಮುಂದೆ ಇರುವುದು ರೊಕ್ಕ ಹೋಗುವ ಯುಪಿಐ ಐಡಿ. ‘ಪಿಎನ್’ ಮುಂದೆ ಇರುವುದು ಹೆಸರು, ‘ಎಎಂ’ ಇದ್ದರೆ ಮೊತ್ತ. ಈ ಹೆಸರನ್ನು ಕ್ಯೂಆರ್ ಮಾಡಿದವರು ತಮಗೆ ಬೇಕಾದ ಹಾಗೆ ಬರೆಯಬಹುದು. ಅದಕ್ಕೇ 2025ರಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ, ರೊಕ್ಕ ಕಳಿಸುವಾಗ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೇ ಆ್ಯಪ್‌ಗಳು ತೋರಿಸಬೇಕು ಎಂದು ಹೇಳಿತು. ಪಿನ್ ಒತ್ತುವ ಮೊದಲು ಆ ಹೆಸರನ್ನು ಗಟ್ಟಿಯಾಗಿ ಓದಿ ಎನ್ನುತ್ತೇನೆ. ರೊಕ್ಕ ಬರಬೇಕಾದರೆ ನಾವು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಹಾಕುವುದೂ ಬೇಡ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೌಂಟರ್ ಮೇಲೆ ಅಂಟಿಸಿದ್ದೇನೆ. ಕೆಳಗೆ 1930 ಎಂದೂ ಬರೆದಿದ್ದೇನೆ, ಸೈಬರ್ ಮೋಸದ ದೂರಿನ ನಂಬರ್. ರೊಕ್ಕ ಹೋದ ಕೂಡಲೇ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮೊನ್ನೆ ಸೇಡಂ ಕಡೆಯ ಒಬ್ಬ ಅಕ್ಕ ಬಂದಿದ್ದರು. ಊರ ಜಾತ್ರೆಯ ದಾಸೋಹಕ್ಕೆ ದೇಣಿಗೆ ಕೇಳುವ ಪೋಸ್ಟರ್, 50 ಪ್ರಿಂಟ್ ಬೇಕಿತ್ತು. ಚಿತ್ರ ಮೂರು ಗ್ರೂಪ್ ದಾಟಿ ಬಂದಿತ್ತು. ಓದಿಸಿ ನೋಡಿದೆ, ಹೆಸರಿನ ಜಾಗದಲ್ಲಿ ದೇವಸ್ಥಾನದ ಹೆಸರಿತ್ತು. ಐಡಿ ಮಾತ್ರ ಒಂದು ಮೊಬೈಲ್ ನಂಬರಿನದು.

"ಅಕ್ಕಾ, ಈ ನಂಬರ್ ಯಾರದು ಗೊತ್ತದೇನ್ರಿ?"

"ಇಲ್ಲಪ್ಪ. ತಡಿ, ಕಮಿಟಿಯವರಿಗೆ ಕೇಳ್ತೀನಿ."

ಅಲ್ಲೇ ಫೋನ್ ಹಚ್ಚಿದರು. ಕಮಿಟಿಯ ಹಿರಿಯರು ನಂಬರ್ ಒಂದೊಂದೇ ಅಂಕಿ ಹೇಳುತ್ತಾ ಹೋದರು. ನಾನು ಪರದೆ ಮೇಲೆ ಬೆರಳಿಟ್ಟು ಹೊಂದಿಸುತ್ತಾ ಹೋದೆ. ಹತ್ತೂ ಹೊಂದಿದವು, ಖಜಾಂಚಿಯದೇ ನಂಬರ್. ಪ್ರಿಂಟರ್ ಆನ್ ಮಾಡಿದೆ.